ಪಿಂಕ್ ಫ್ಲಾಯ್ಡ್ ಲೈವ್ ಡಿಸ್ಕು: ಯಾವುದನ್ನು ತರಿಸುವುದು, ಮಳೆಗಾಲದಲ್ಲಿ ಹೇಗೆ ಉಳಿಸುವುದು?

ಪ್ರಶ್ನೆ: ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡಿನ ಹಾಡುಗಳನ್ನು ಇಷ್ಟರವರೆಗೆ ಮೊಬೈಲಿನಲ್ಲೇ ಕೇಳುತ್ತಿದ್ದೆ. ಈಗ ಅವರ ಲೈವ್ ಕಾರ್ಯಕ್ರಮಗಳ ಡಿಸ್ಕು ಸ್ವಂತಕ್ಕೆ ಇಟ್ಟುಕೊಳ್ಳುವ ಆಸೆಯಾಗಿದೆ. ದುಬೈಯಲ್ಲಿರುವ ಭಾವ ಓಣಂ ರಜೆಗೆ ಬರುವಾಗ ತರುತ್ತೇನೆ ಎಂದಿದ್ದಾರೆ. ಅಭಿಮಾನಿಗಳನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. 'ದ ಲೇಟರ್ ಇಯರ್ಸ್' ಎಂಬ ದೊಡ್ಡ ಪೆಟ್ಟಿಗೆಯೇ ಬೇಕು ಎಂದು ಒಬ್ಬರು, 'ಪಲ್ಸ್' ಎಂಬ ಲೈವ್ ಡಿಸ್ಕು ಒಂದೇ ಸಾಕು ಎಂದು ಇನ್ನೊಬ್ಬರು, ಹಿಂದೆ ತಂಡದಲ್ಲಿ ಹಾಡುತ್ತಿದ್ದ ರೋಜರ್ ವಾಟರ್ಸ್ ಇಲ್ಲದ ಫ್ಲಾಯ್ಡ್ ಫ್ಲಾಯ್ಡೇ ಅಲ್ಲ ಎಂದು ಮತ್ತೊಬ್ಬರು. ನಮ್ಮಲ್ಲಿರುವುದು ಹಳೆಯ ಡಿವಿಡಿ ಪ್ಲೇಯರ್, 43 ಇಂಚಿನ ಟಿವಿ, ಸ್ಟೀರಿಯೊ ಆಂಪ್ಲಿಫೈಯರ್, ಎರಡು ಸ್ಪೀಕರ್. ಮಳೆಗಾಲದ ಆಟಿ ತಿಂಗಳಲ್ಲಿ ಕಪಾಟಿನ ಪುಸ್ತಕಗಳಿಗೆಲ್ಲ ಬೂಸ್ಟು ಹಿಡಿಯುತ್ತದೆ, ಡಿಸ್ಕಿನ ಗತಿ ಏನು?
(ಬದಿಯಡ್ಕ ಸಮೀಪದ ಓದುಗರೊಬ್ಬರು)

ಉತ್ತರ: ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ದೊಡ್ಡ ಪೆಟ್ಟಿಗೆ ಸದ್ಯಕ್ಕೆ ಬೇಡ. ಅದಕ್ಕೆ ಹಾಕುವ ದುಡ್ಡಿನಲ್ಲಿ ಒಂದು ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರ ಹಿಡಿಯುವ ಡಿಸ್ಕು) ಪ್ಲೇಯರ್, 2022ರಲ್ಲಿ ಬಂದ 'ಪಲ್ಸ್' ಬ್ಲೂ-ರೇ ತರಿಸಿ. ಕೈಯಲ್ಲಿ ಉಳಿದರೆ 2020ರ 'ಡೆಲಿಕೇಟ್ ಸೌಂಡ್ ಆಫ್ ಥಂಡರ್' ಎಂಬ ಇನ್ನೊಂದು ಲೈವ್ ಡಿಸ್ಕು ಸೇರಿಸಿ. ಮನೆಯಲ್ಲಿ ಬ್ಲೂ-ರೇ ಓದುವ ಯಂತ್ರವೇ ಇಲ್ಲದಿರುವಾಗ ಆರು ಬ್ಲೂ-ರೇ ಇರುವ ಪೆಟ್ಟಿಗೆ ಬಂದರೆ ಆ ಆರೂ ಶೋಕೇಸಿನ ಸೊತ್ತಾಗುತ್ತವೆ, ಅಷ್ಟೆ.

ಅಭಿಮಾನಿಗಳ ಮಾತು ಒಂದಕ್ಕೊಂದು ತಾಳೆಯಾಗದೆ ಇರುವುದಕ್ಕೆ ಅಭಿರುಚಿ ಒಂದೇ ಕಾರಣವಲ್ಲ. ಒಂದೇ ಹೆಸರಿನಡಿ ಬೇರೆ ಬೇರೆ ರಾತ್ರಿಯ, ಬೇರೆ ಬೇರೆ ಮಿಕ್ಸಿನ (ವಾದ್ಯ ಮತ್ತು ದನಿಗಳನ್ನು ಹದವಾಗಿ ಬೆರೆಸಿದ ಧ್ವನಿಯ), ಬೇರೆ ಬೇರೆ ಎಡಿಟಿಂಗಿನ ಸರಕು ಮಾರುಕಟ್ಟೆಯಲ್ಲಿದೆ. ಯಕ್ಷಗಾನದವರಲ್ಲಿ ಒಂದೇ ಪ್ರಸಂಗದ ಬಗ್ಗೆ ಒಬ್ಬ ಕ್ಯಾಸೆಟ್ಟಿನ ಭಾಗವತಿಕೆಯನ್ನೂ ಇನ್ನೊಬ್ಬ ಬಯಲಾಟದ ಭಾಗವತಿಕೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಬೆಳಗಿನ ತನಕ ಜಗಳಾಡುವುದುಂಟಲ್ಲ, ಇದೂ ಅದೇ ಜಾತಿಯ ಜಗಳ. ಆದ್ದರಿಂದ ಯಾರಾದರೂ "ಪಲ್ಸ್ ಅದ್ಭುತ" ಎಂದರೆ ಕೇಳಬೇಕಾದದ್ದು ಒಂದೇ: ಯಾವ ಪಲ್ಸ್?

ಮೊದಲನೆಯದು 1995ರ ಮೇ ತಿಂಗಳಲ್ಲಿ ಬಂದ ಎರಡು ಸಿಡಿಗಳ ಆಲ್ಬಮ್. 1994ರ 'ಡಿವಿಷನ್ ಬೆಲ್' ಪ್ರವಾಸದ ಯುರೋಪ್ ಮತ್ತು ಇಂಗ್ಲೆಂಡಿನ ಭಾಗದಲ್ಲಿ ಮುದ್ರಿಸಿದ್ದು. ಅದು ಒಂದೇ ರಾತ್ರಿಯ ಕಾರ್ಯಕ್ರಮವಲ್ಲ. ಲಂಡನ್, ರೋಮ್, ಹ್ಯಾನೋವರ್, ಮೊಡೆನಾ ಹೀಗೆ ಹಲವು ಊರುಗಳ ಮುದ್ರಣದಿಂದ ಆಯ್ದು ಜೋಡಿಸಿದ್ದು. ಎರಡನೆಯದು ವಿಡಿಯೊ. ಅದು 1994ರ ಅಕ್ಟೋಬರ್ 20ರಂದು ಲಂಡನ್ನಿನ ಅರ್ಲ್ಸ್ ಕೋರ್ಟ್ ಸಭಾಂಗಣದಲ್ಲಿ ಡೇವಿಡ್ ಮ್ಯಾಲೆಟ್ ನಿರ್ದೇಶನದಲ್ಲಿ ಚಿತ್ರೀಕರಿಸಿದ ಒಂದು ರಾತ್ರಿ. ಸಿಡಿಯ ಗಿಟಾರ್ ಹೀಗಿದೆ, ವಿಡಿಯೊದಲ್ಲಿ ಹಾಗಿಲ್ಲವಲ್ಲ ಎಂದು ಒಬ್ಬರು ದೂರಿದರೆ ಡಿಸ್ಕು ಕೆಟ್ಟದ್ದೆಂದು ತಿಳಿಯಬೇಡಿ. ನುಡಿಸಿದ ದಿನವೇ ಬೇರೆ ಇರಬಹುದು. ಹಾಡಿನ ಪಟ್ಟಿಯೂ ಒಂದೇ ಅಲ್ಲ. 'ಆಸ್ಟ್ರಾನಮಿ ಡಾಮಿನಿ' ಸಿಡಿಯಲ್ಲಿದೆ, ವಿಡಿಯೊದ ಮುಖ್ಯ ಕಾರ್ಯಕ್ರಮದಲ್ಲಿಲ್ಲ. 'ಟೇಕ್ ಇಟ್ ಬ್ಯಾಕ್' ವಿಡಿಯೊದಲ್ಲಿದೆ, ಸಿಡಿಯಲ್ಲಿಲ್ಲ. 'ಒನ್ ಆಫ್ ದೀಸ್ ಡೇಸ್' 1995ರ ಎಲ್‌ಪಿ ಮತ್ತು ಕ್ಯಾಸೆಟ್ಟಿನಲ್ಲಿತ್ತು, ವಿಡಿಯೊದಲ್ಲೂ ಇದೆ, ಆ ಸಿಡಿಯಲ್ಲಿ ಮಾತ್ರ ಇಲ್ಲ.

ಮೂರನೆಯದು 2006ರ ಎರಡು ಡಿಸ್ಕಿನ ಡಿವಿಡಿ. ನಾಲ್ಕನೆಯದು ಮೂಲ ಟೇಪುಗಳನ್ನು ಶುದ್ಧಗೊಳಿಸಿ, ಮತ್ತೆ ಎಡಿಟ್ ಮಾಡಿ, 2019ರಲ್ಲಿ ದೊಡ್ಡ ಪೆಟ್ಟಿಗೆಯೊಳಗೂ 2022ರ ಫೆಬ್ರವರಿಯಲ್ಲಿ ಬಿಡಿಯಾಗಿಯೂ ಬಂದದ್ದು. ನಿಮಗೆ ನಾನು ಹೇಳುತ್ತಿರುವುದು ಈ ಕೊನೆಯದನ್ನು. ಇದು ಬ್ಲೂ-ರೇ ಮತ್ತು ಡಿವಿಡಿ ಎರಡು ರೂಪದಲ್ಲೂ ಬೇರೆ ಬೇರೆಯಾಗಿ ಸಿಗುತ್ತದೆ. ಮುಖಚಿತ್ರ ಒಂದೇ ತರಹ ಇರುವುದರಿಂದ ಅಂಗಡಿಯಲ್ಲಿ ಎಡವಟ್ಟಾಗುವುದು ಇಲ್ಲೇ. "ಬ್ಲೂ-ರೇ ಎಂದು ಬರೆದದ್ದೇ ಆಗಬೇಕು" ಎಂದು ಭಾವನಿಗೆ ಸ್ಪಷ್ಟವಾಗಿ ಹೇಳಿಡಿ.

ಪಲ್ಸ್ ಚಿತ್ರದ ಬಗ್ಗೆ ಒಂದು ನಿರೀಕ್ಷೆಯನ್ನು ಈಗಲೇ ತಗ್ಗಿಸಿಕೊಳ್ಳಿ. ಅದನ್ನು ಸೆರೆಹಿಡಿದದ್ದು ಅಂದಿನ ಸಾಮಾನ್ಯ ದರ್ಜೆಯ ವಿಡಿಯೊ ಟೇಪಿನಲ್ಲಿ. ಟೇಪಿನಲ್ಲಿ ಇಲ್ಲದ ವಿವರವನ್ನು ಬ್ಲೂ-ರೇ ಹುಟ್ಟಿಸಲಾರದು. ಬಣ್ಣ ಶುದ್ಧವಾಗುತ್ತದೆ, ಲೇಸರ್ ಬೆಳಕಿನ ಅಂಚಿನ ಕಲಸುಮೇಲೋಗರ ಕಡಿಮೆಯಾಗುತ್ತದೆ, ಕತ್ತಲಿನ ಭಾಗದಲ್ಲಿ ಚೌಕ ಚೌಕವಾಗಿ ಒಡೆಯುವುದು ನಿಲ್ಲುತ್ತದೆ. ಅಷ್ಟಕ್ಕೆ ತೃಪ್ತಿಪಡಬೇಕು. 43 ಇಂಚಿನ ಟಿವಿಯನ್ನು ಏಳೆಂಟು ಅಡಿ ದೂರದಿಂದ ನೋಡುವವರಿಗೆ ಇದು ದೊಡ್ಡ ಕೊರತೆಯಲ್ಲ. "ಬ್ಲೂ-ರೇ ಮೋಸ" ಎಂದು ಕೂಗುವವರು ಬಹಳವಾಗಿ ಪ್ರೊಜೆಕ್ಟರಿನಲ್ಲಿ ಗೋಡೆ ತುಂಬ ಹಾಕಿ ನೋಡಿದವರು.

'ಡೆಲಿಕೇಟ್ ಸೌಂಡ್ ಆಫ್ ಥಂಡರ್' ಇದಕ್ಕೆ ತದ್ವಿರುದ್ಧ. 1988ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ನಸಾವ್ ಕೊಲಿಸಿಯಮ್ಮಿನಲ್ಲಿ 35 ಎಂಎಂ ಫಿಲ್ಮಿನಲ್ಲಿ ಚಿತ್ರೀಕರಿಸಿದ್ದು. ಫಿಲ್ಮಿನಲ್ಲಿ ವಿವರ ಇದ್ದೇ ಇರುತ್ತದೆ, ಹೊಸದಾಗಿ ಸ್ಕ್ಯಾನ್ ಮಾಡಿದರೆ ಹೊರಬರುತ್ತದೆ. ಆದರೆ ಆ ಕಾಲದಲ್ಲಿ ಬಂದದ್ದು ವಿಎಚ್‌ಎಸ್ ಮತ್ತು ಲೇಸರ್ ಡಿಸ್ಕಿನಲ್ಲಿ, ಮಂಜು ಮುಸುಕಿದಂಥ ಚಿತ್ರ, ನಿಧಾನ ಚಲನೆಯ ಅತಿ ಬಳಕೆ. ಹಳಬರು ಅದನ್ನು ಬೈಯುತ್ತಿದ್ದದ್ದು ಸುಮ್ಮನೆ ಅಲ್ಲ. 2019ರಲ್ಲಿ ಮೂಲ ಫಿಲ್ಮಿನ ಡಬ್ಬಿಗಳನ್ನು ತೆರೆದು ಇಡೀ ಚಿತ್ರವನ್ನು ಹೊಸದಾಗಿ ಎಡಿಟ್ ಮಾಡಿದರು, ಧ್ವನಿಯನ್ನೂ ಮತ್ತೆ ಮಿಕ್ಸ್ ಮಾಡಿದರು. ಈ ಆಲ್ಬಮನ್ನು ಹೊಗಳುವವರೂ ತೆಗಳುವವರೂ ಅವರವರ ಮಟ್ಟಿಗೆ ಸರಿಯಾಗಿಯೇ ಹೇಳುತ್ತಿದ್ದಾರೆ, ಒಬ್ಬರ ಕೈಯಲ್ಲಿ 1988ರದ್ದು ಇದೆ, ಇನ್ನೊಬ್ಬರ ಕೈಯಲ್ಲಿ 2020ರದ್ದು. ಹಳೆಯ ಸಿಡಿಯಲ್ಲಿ 15 ಹಾಡು, ಹೊಸತರಲ್ಲಿ 23. 2020ರ ನವೆಂಬರ್‌ನಲ್ಲಿ ಬಿಡಿಯಾಗಿ ಬಂದಾಗ ಎರಡು ಸಿಡಿ, ಒಂದು ಬ್ಲೂ-ರೇ, ಒಂದು ಡಿವಿಡಿ, ಒಂದು ಕಿರುಹೊತ್ತಗೆ ಇರುವ ಚಿಕ್ಕ ಪೆಟ್ಟಿಗೆಯೂ ಬಂತು. ಸಿಕ್ಕಿದರೆ ಅದನ್ನೇ ಹಿಡಿಯಿರಿ. (1988ರ ಆಲ್ಬಮ್ಮಿನ ಕ್ಯಾಸೆಟ್ಟನ್ನು ಸೋವಿಯತ್ ಗಗನಯಾತ್ರಿಗಳು ಅದೇ ವರ್ಷ ಸೋಯುಜ್ ನೌಕೆಯಲ್ಲಿ ಮೇಲಕ್ಕೆ ಒಯ್ದಿದ್ದರು ಎಂಬುದನ್ನು ಅಭಿಮಾನಿಗಳು ನಿಮಗೆ ಹೇಗೂ ಹೇಳಿಯೇ ಹೇಳುತ್ತಾರೆ.)

ಹಾಗಿದ್ದರೆ ಚಿತ್ರ ಚೆನ್ನಾಗಿರುವ ಡೆಲಿಕೇಟ್ ಬಿಟ್ಟು ಪಲ್ಸ್ ಮೊದಲು ಏಕೆ? 'ದ ಡಾರ್ಕ್ ಸೈಡ್ ಆಫ್ ದ ಮೂನ್' ಪೂರ್ತಿ ಆಲ್ಬಮ್ ಮೊದಲಿನಿಂದ ಕೊನೆಯ ತನಕ ವೇದಿಕೆಯ ಮೇಲೆ ನುಡಿಸಿರುವುದು ಅದರಲ್ಲಿ. ಹೃದಯ ಬಡಿತದಿಂದ ಶುರುವಾಗಿ ಹೃದಯ ಬಡಿತಕ್ಕೇ ಮುಗಿಯುವ ಆ ಭಾಗ ಒಂದೇ ಉಸಿರಿನಲ್ಲಿ ಬೇಕೆನ್ನುವವರಿಗೆ ಬೇರೆ ಡಿಸ್ಕು ತೋರಿಸಿ ಪ್ರಯೋಜನವಿಲ್ಲ. ಜೊತೆಗೆ ಡೇವಿಡ್ ಗಿಲ್ಮೋರ್ (ಗಿಟಾರ್), ನಿಕ್ ಮೇಸನ್ (ಡ್ರಮ್), ರಿಚರ್ಡ್ ರೈಟ್ (ಕೀಬೋರ್ಡ್) ಮೂವರೂ 1988ಕ್ಕಿಂತ 1994ರಲ್ಲಿ ಸಲೀಸಾಗಿ ನುಡಿಸುತ್ತಾರೆ ಎಂಬುದು ನನ್ನ ಅಭಿಪ್ರಾಯ. 1988ರಲ್ಲಿ ಕೀಬೋರ್ಡ್ ಮತ್ತು ಡ್ರಮ್ಮಿನ ಸದ್ದಿಗೆ ಆ ದಶಕದ ಲೋಹದ ಲೇಪ ಕೊಂಚ ಜಾಸ್ತಿ.

ವಾಟರ್ಸ್ ಇಲ್ಲದ ಫ್ಲಾಯ್ಡ್ ಬೇಡ ಎನ್ನುವವರ ಮಾತನ್ನು ತಳ್ಳಿಹಾಕಬೇಕಾಗಿಲ್ಲ. ವಾಟರ್ಸ್ 1985ರಲ್ಲಿ ತಂಡ ಬಿಟ್ಟರು, ಮೇಲೆ ಹೇಳಿದ ಯಾವುದರಲ್ಲೂ ಅವರಿಲ್ಲ. ನಿಮಗೂ ಅವರ ದನಿಯೇ ಮುಖ್ಯವಾದರೆ 1980-81ರ ಅರ್ಲ್ಸ್ ಕೋರ್ಟ್ ಕಾರ್ಯಕ್ರಮಗಳಿಂದ ಮಾಡಿ 2000ದಲ್ಲಿ ಹೊರತಂದ 'ಈಸ್ ದೇರ್ ಎನಿಬಡಿ ಔಟ್ ದೇರ್?' ಸಿಡಿ ಇದೆ. ಚಿತ್ರವೂ ಬೇಕಾದರೆ 1971ರಲ್ಲಿ ಪ್ರೇಕ್ಷಕರೇ ಇಲ್ಲದ ಇಟಲಿಯ ಪೊಂಪೆಯ ಹಳೆಯ ರಂಗಭೂಮಿಯಲ್ಲಿ ಚಿತ್ರೀಕರಿಸಿ, 2025ರಲ್ಲಿ ಮೂಲ ನೆಗೆಟಿವ್‌ನಿಂದ ಹೊಸದು ಮಾಡಿದ ಪೊಂಪೆ ಚಿತ್ರ.

ದೊಡ್ಡ ಪೆಟ್ಟಿಗೆಯಲ್ಲಿ ಏನಿದೆ ಎಂದು ಲೆಕ್ಕ ಹಾಕೋಣ. 2019ರ ಡಿಸೆಂಬರ್‌ನಲ್ಲಿ ಬಂದ 'ದ ಲೇಟರ್ ಇಯರ್ಸ್'ನಲ್ಲಿ 5 ಸಿಡಿ, 6 ಬ್ಲೂ-ರೇ, 5 ಡಿವಿಡಿ, ಎರಡು 7 ಇಂಚಿನ ರೆಕಾರ್ಡು, ಪುಸ್ತಕ, ಪ್ರವಾಸದ ಕಾಗದಪತ್ರಗಳ ಪ್ರತಿಗಳು. ಬ್ಲೂ-ರೇಯಲ್ಲಿರುವ ವಿಡಿಯೊಗಳೇ ಡಿವಿಡಿಯಲ್ಲೂ ಇವೆ, ಅಂದರೆ ಒಂದೇ ಸರಕಿಗೆ ಎರಡು ಸಲ ದುಡ್ಡು. ಬಂದ ಹೊಸತರಲ್ಲಿ ಅದನ್ನು ಕೊಳ್ಳದೆ ವಿಧಿ ಇರಲಿಲ್ಲ. ಆಮೇಲೆ ಒಳಗಿನದ್ದು ಒಂದೊಂದಾಗಿ ಹೊರಗೆ ಬಂತು: 2020ರಲ್ಲಿ ಡೆಲಿಕೇಟ್, 2021ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ನೆಬ್‌ವರ್ತ್ ಕಾರ್ಯಕ್ರಮದ ಧ್ವನಿಮುದ್ರಣ, ಅದೇ ಅಕ್ಟೋಬರ್‌ನಲ್ಲಿ 'ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್' ಆಲ್ಬಮ್ಮಿನ ಹೊಸ ಮಿಕ್ಸ್, 2022ರಲ್ಲಿ ಪಲ್ಸ್. ಪೆಟ್ಟಿಗೆ ಕೊಂಡವರಿಗೆ ಸಿಟ್ಟು ಬಂದಿದ್ದರೆ ತಪ್ಪೇನಿಲ್ಲ.

ಉಳಿದದ್ದರಲ್ಲಿ ಬೆಲೆ ಬಾಳುವುದು ಎರಡು. ಒಂದು 1989ರ ಜುಲೈ 15ರ ವೆನಿಸ್ ಕಾರ್ಯಕ್ರಮದ ವಿಡಿಯೊ. ಸೇಂಟ್ ಮಾರ್ಕ್ ಚೌಕದ ಎದುರು ನೀರಿನಲ್ಲಿ ತೇಲುವ ವೇದಿಕೆ, ಸುಮಾರು ಎರಡು ಲಕ್ಷ ಜನ. ಮರುದಿನ ಊರು ತುಂಬ ಕಸ, ಆ ಗಲಾಟೆಯಲ್ಲಿ ನಗರಾಡಳಿತವೇ ರಾಜೀನಾಮೆ ಕೊಡಬೇಕಾಯಿತು. ಟಿವಿ ನೇರಪ್ರಸಾರದ ಸಮಯಕ್ಕೆ ಕಟ್ಟುಬಿದ್ದು ನುಡಿಸಿದ್ದರಿಂದ ಹಾಡುಗಳಲ್ಲಿ ಅವಸರ ಕಾಣುತ್ತದೆ, ಆದರೂ ನೋಡುವಂಥದ್ದು. ಇನ್ನೊಂದು 1990ರ ಜೂನ್ 30ರ ನೆಬ್‌ವರ್ತ್ ವಿಡಿಯೊ. 'ದ ಗ್ರೇಟ್ ಗಿಗ್ ಇನ್ ದ ಸ್ಕೈ' ಹಾಡಿನ ಮೂಲ ಗಾಯಕಿ ಕ್ಲೇರ್ ಟೋರಿ ಅಲ್ಲಿ ಬಂದು ಹಾಡಿದ್ದಾರೆ, ಸ್ಯಾಕ್ಸೊಫೋನಿನಲ್ಲಿ ಕ್ಯಾಂಡಿ ಡಲ್ಫರ್. ಇವೆರಡಕ್ಕಾಗಿ ಅಷ್ಟು ದುಡ್ಡು ಹಾಕುವ ಹಟ ನಿಮಗಿದ್ದರೆ ಪೆಟ್ಟಿಗೆ ತರಿಸಿ, ಇಲ್ಲದಿದ್ದರೆ ಬೇಡ.

ಈಗ ಯಂತ್ರದ ವಿಚಾರ. ಡಿವಿಡಿ ಪ್ಲೇಯರಿನದ್ದು ಕೆಂಪು ಲೇಸರ್, 650 ನ್ಯಾನೊಮೀಟರ್. ಬ್ಲೂ-ರೇಯದ್ದು ನೀಲಿ ನೇರಳೆ, 405. ಹಾಗಾಗಿ ನಿಮ್ಮ ಹಳೆಯ ಪ್ಲೇಯರಿಗೆ ಬ್ಲೂ-ರೇ ಹಾಕಿದರೆ ಸ್ವಲ್ಪ ಹೊತ್ತು ಗಿರ್ರೆಂದು ತಿರುಗಿಸಿ 'ನೋ ಡಿಸ್ಕ್' ಎನ್ನುತ್ತದೆ. ಬ್ಲೂ-ರೇ ಪ್ಲೇಯರ್ ಮಾತ್ರ ಡಿವಿಡಿ, ಸಿಡಿ ಎಲ್ಲವನ್ನೂ ಓದುತ್ತದೆ. ಮನೆಯ ಹುಡುಗರ ಪ್ಲೇಸ್ಟೇಷನ್ 4 ಅಥವಾ ಡಿಸ್ಕು ಹಾಕುವ ಜಾಗವಿರುವ ಪ್ಲೇಸ್ಟೇಷನ್ 5 ಇದ್ದರೆ ಬ್ಲೂ-ರೇಗೆ ಅದೇ ಸಾಕು, ಆದರೆ ಅವೆರಡೂ ಆಡಿಯೊ ಸಿಡಿ ನುಡಿಸುವುದಿಲ್ಲ.

ದುಬೈಯಿಂದ ತರಿಸುವವರು ವಲಯ ಸಂಕೇತ, ಅಂದರೆ ಡಿಸ್ಕು ಯಾವ ಪ್ರದೇಶದ ಪ್ಲೇಯರಿನಲ್ಲಿ ಓಡುತ್ತದೆ ಎಂಬ ಗುರುತು, ನೋಡಲೇಬೇಕು. ಡಿವಿಡಿಯಲ್ಲಿ ಭಾರತ 5ನೆಯ ವಲಯ, ಕೊಲ್ಲಿ ರಾಜ್ಯಗಳು 2ನೆಯದು. ಬ್ಲೂ-ರೇಯಲ್ಲಿ ಭಾರತ ಸಿ, ಕೊಲ್ಲಿ ಬಿ. ಸಂಗೀತದ ಡಿಸ್ಕುಗಳು ಹೆಚ್ಚಾಗಿ ಎಲ್ಲ ವಲಯಕ್ಕೂ ಹೊಂದುವಂತೆಯೇ ಬರುತ್ತವೆ. ಹಾಗಿದ್ದರೆ ಡಿವಿಡಿಯ ಹಿಂಬದಿಯ ಭೂಗೋಳದ ಚಿತ್ರದಲ್ಲಿ 0 ಅಥವಾ 'ಆಲ್' ಎಂದಿರುತ್ತದೆ, ಬ್ಲೂ-ರೇಯಲ್ಲಿ ಎ, ಬಿ, ಸಿ ಮೂರೂ ಇರುತ್ತದೆ. ಬರೇ ಬಿ ಎಂದಿದ್ದರೆ ಇಲ್ಲಿ ಕೊಂಡ ಪ್ಲೇಯರಿನಲ್ಲಿ ಓಡದು. ಪ್ಲೇಯರನ್ನೂ ಅಲ್ಲಿಂದಲೇ ತರಿಸಿದರೆ ತೊಂದರೆ ತಿರುಗುಮುರುಗು: ಆ ಡಿಸ್ಕು ಓಡುತ್ತದೆ, ಮುಂದೆ ಇಲ್ಲಿ ಕೊಳ್ಳುವ ಸಿನಿಮಾ ಡಿಸ್ಕು ಸಂಕೇತ ಹಾಕಿದ್ದಾದರೆ ಓಡದು. ಕರೆಂಟಿನ ಚಿಂತೆ ಇಲ್ಲ, ಅಲ್ಲಿಯೂ ನಮ್ಮಂತೆಯೇ 50 ಹರ್ಟ್ಸ್, ವೋಲ್ಟೇಜೂ ಹೆಚ್ಚುಕಡಿಮೆ ಒಂದೇ. ಪ್ಲಗ್ ಮಾತ್ರ ಚಪ್ಪಟೆ ಮೂರು ಕಾಲಿನದ್ದು. ಸಡಿಲ ಅಡಾಪ್ಟರಿಗೆ ಸಿಕ್ಕಿಸಿ ಕಿಡಿ ಹಾರಿಸುವ ಬದಲು ಎಲೆಕ್ಟ್ರಿಷನ್ ಹತ್ತಿರ ಪ್ಲಗ್ ಬದಲಾಯಿಸಿಕೊಳ್ಳಿ.

ನಿಮ್ಮಲ್ಲಿ ಎರಡೇ ಸ್ಪೀಕರ್ ಇರುವುದರಿಂದ ಒಂದು ಸೆಟ್ಟಿಂಗ್ ತಪ್ಪದೆ ಮಾಡಬೇಕು. ಪ್ಲೇಯರಿನ ಆಡಿಯೊ ಮೆನುವಿನಲ್ಲಿ 'ಬಿಟ್‌ಸ್ಟ್ರೀಮ್' ತೆಗೆದು 'ಪಿಸಿಎಂ' ಇಡಿ. ಆಮೇಲೆ ಡಿಸ್ಕಿನ ಮೆನುವಿಗೆ ಹೋಗಿ 5.1 (ಆರು ದಾರಿಯ ಧ್ವನಿ) ಬಿಟ್ಟು ಸ್ಟೀರಿಯೊ ಆರಿಸಿ. 5.1ನ್ನೇ ಹಾಕಿ ಎರಡು ಸ್ಪೀಕರಿನಲ್ಲಿ ಕೇಳಿದರೆ ಪ್ಲೇಯರ್ ಆರು ದಾರಿಯ ಧ್ವನಿಯನ್ನು ಎರಡಕ್ಕೆ ಕುಗ್ಗಿಸುತ್ತದೆ, ಹಾಗೆ ಕುಗ್ಗಿಸುವಾಗ ಸಬ್‌ವೂಫರಿನ ಪಾಲನ್ನು ಸಾಮಾನ್ಯವಾಗಿ ಕೈಬಿಡುತ್ತದೆ. "ಪಲ್ಸ್ ಡಿವಿಡಿಯಲ್ಲಿ ಬೇಸ್ ಇಲ್ಲ, ಸಿಡಿಯಲ್ಲಿದೆ" ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಇಷ್ಟೆ. ಸ್ಟೀರಿಯೊ ಮಿಕ್ಸನ್ನು ಎರಡು ಸ್ಪೀಕರಿಗೆಂದೇ ಮಾಡಿರುತ್ತಾರೆ.

2006ರ ಡಿವಿಡಿ ಯಾರಾದರೂ ಕೊಟ್ಟರೆ ಅದರ ಇನ್ನೊಂದು ವಿಶೇಷ ತಿಳಿದಿರಲಿ. ಅದರಲ್ಲಿ 5.1 ಧ್ವನಿ ಎರಡು ಸಲ ಇದೆ, 448 ಕೆಬಿಪಿಎಸ್ (ಸೆಕೆಂಡಿಗೆ ಬರುವ ದತ್ತಾಂಶದ ಅಳತೆ) ಒಂದು, 640 ಕೆಬಿಪಿಎಸ್ ಇನ್ನೊಂದು. ಡಿವಿಡಿ ನಿಯಮದ ಪ್ರಕಾರ ಇಂಥ ಡಾಲ್ಬಿ ಧ್ವನಿಗೆ 448 ಮಿತಿ. 640 ಅದನ್ನು ಮೀರುವುದರಿಂದ ಕೆಲವು ಹಳೆಯ ಪ್ಲೇಯರುಗಳು ತಡವರಿಸುತ್ತವೆ ಅಥವಾ ಮೌನವಾಗುತ್ತವೆ. ಡಿಸ್ಕು ಹಾಳಾಗಿದೆ ಎಂದು ಎಸೆಯುವ ಮೊದಲು 448ಕ್ಕೆ ಬದಲಾಯಿಸಿ ನೋಡಿ.

ಚಿತ್ರ ಮತ್ತು ಸದ್ದು ಹಿಂದೆಮುಂದೆ ಆಗುವುದು ಇನ್ನೊಂದು ಕಾಟ. ಈಗಿನ ಟಿವಿಗಳು ಚಿತ್ರವನ್ನು ತಿದ್ದಿತೀಡಿ ತೋರಿಸಲು ಕೊಂಚ ಹೊತ್ತು ತೆಗೆದುಕೊಳ್ಳುತ್ತವೆ, ಸದ್ದು ನೇರವಾಗಿ ಆಂಪ್ಲಿಫೈಯರಿಗೆ ಹೋದರೆ ಅದು ಮುಂಚೆ ಕೇಳಿಬಿಡುತ್ತದೆ. ಪರೀಕ್ಷೆಗೆ 'ಟೈಮ್' ಹಾಡಿನ ಆರಂಭ ಹಾಕಿ. ಗಡಿಯಾರಗಳ ಗದ್ದಲ ಮುಗಿದ ಮೇಲೆ ಬಿಡಿ ಬಿಡಿಯಾಗಿ ಬೀಳುವ ಡ್ರಮ್ ಪೆಟ್ಟು ಇದೆಯಲ್ಲ, ಅಲ್ಲಿ ಕೋಲು ಚರ್ಮಕ್ಕೆ ತಾಗುವ ಕ್ಷಣವನ್ನೇ ನೋಡಿ. ಕೋಲು ಇನ್ನೂ ಮೇಲಿರುವಾಗಲೇ ಸದ್ದು ಬಂದರೆ ಮೊದಲು ಟಿವಿಯ 'ಗೇಮ್' ಮೋಡ್ ಹಾಕಿ ನೋಡಿ, ಚಿತ್ರದ ತಡ ಬಹಳಷ್ಟು ಇಳಿಯುತ್ತದೆ. ಸಾಲದಿದ್ದರೆ ಪ್ಲೇಯರಿನ 'ಆಡಿಯೊ ಡಿಲೇ'ಯನ್ನು 20 ಮಿಲಿಸೆಕೆಂಡಿನಂತೆ ಏರಿಸುತ್ತ ಹೋಗಿ. ಎಚ್‌ಡಿಎಂಐ ತಂತಿಯಲ್ಲೇ ಜೋಡಿಸಿ, ಹಳೆಯ ಹಳದಿ ಕೆಂಪು ಬಿಳಿ ತಂತಿ ಬ್ಲೂ-ರೇಗೆ ಹಾಕಿದರೆ ಮತ್ತೆ ಡಿವಿಡಿ ಮಟ್ಟಕ್ಕೇ ಬರುತ್ತೀರಿ. ಟಿವಿಯಲ್ಲಿ ಚಿತ್ರದ ಅಂಚು ಕತ್ತರಿಸುವ ಓವರ್‌ಸ್ಕ್ಯಾನ್ ಇದ್ದರೆ ತೆಗೆದುಬಿಡಿ.

ನಮ್ಮ ಕಡೆಯ ಮನೆಗಳಲ್ಲಿ ತಗಡು ಶೀಟಿನ ಮಾಡಿನಡಿ ಜೂನ್, ಜುಲೈಯಲ್ಲಿ ಪಲ್ಸ್ ಕೇಳಲು ಕೂರುವುದು ವ್ಯರ್ಥ, ಆ ಹೃದಯ ಬಡಿತ ಮಳೆಯ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಕರೆಂಟು ಹೋಗಿ ಇನ್ವರ್ಟರಿಗೆ ಬಂದಾಗ ಸ್ಪೀಕರಿನಲ್ಲಿ ಗುಂಯ್ ಎಂದು ಶುರುವಾದರೆ ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್. ಒಳಗೆ ದಪ್ಪ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಆಂಪ್ಲಿಫೈಯರಿಗೆ ಅದು ಒಗ್ಗುವುದಿಲ್ಲ, ಬಿಸಿಯೂ ಏರುತ್ತದೆ. ಸೈನ್ ವೇವ್ ಇನ್ವರ್ಟರ್ ಆದರೆ ಸಮಸ್ಯೆ ಇಲ್ಲ. ಸಿಡಿಲಿನ ದಿನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು, ಟಿವಿಗೆ ಬರುವ ಡಿಶ್ ತಂತಿಯನ್ನೂ ಕೀಳಬೇಕು. ಎಚ್‌ಡಿಎಂಐ ತೂತು ಸುಟ್ಟುಹೋಗುವುದು ಬಹಳ ಸಲ ಆ ಡಿಶ್ ತಂತಿಯ ದಾರಿಯಾಗಿ ಬಂದ ಪೆಟ್ಟಿನಿಂದ.

ಇನ್ನು ಬೂಸ್ಟು. ನೀವು ಕೇಳಿದ್ದರಲ್ಲಿ ಇದೇ ನಿಜವಾದ ಅಪಾಯ, ಅಭಿಮಾನಿಗಳು ಯಾರೂ ಇದನ್ನು ಹೇಳುವುದಿಲ್ಲ, ಯಾಕೆಂದರೆ ಬಹುಪಾಲು ಮಂದಿ ಚಳಿ ದೇಶದವರು. ಗಾಳಿಯ ತೇವ ಶೇಕಡಾ 65 - 70 ದಾಟಿ ದಿನಗಟ್ಟಲೆ ನಿಂತರೆ ಕಾಗದ, ರಟ್ಟು, ಅಂಟು ಎಲ್ಲದಕ್ಕೂ ಬೂಸ್ಟು ಏರುತ್ತದೆ. ಆಟಿಯಲ್ಲಿ ನಮ್ಮ ಕೋಣೆಗಳ ತೇವ ಇದನ್ನು ಎಷ್ಟೋ ಮೀರಿರುತ್ತದೆ. ಮೊದಲು ಹಾಳಾಗುವುದು ಡಿಸ್ಕಲ್ಲ, ರಟ್ಟಿನ ಪೆಟ್ಟಿಗೆ ಮತ್ತು ಪುಸ್ತಕ. ಆದರೂ ಡಿಸ್ಕಿಗೆ ಅಪಾಯವೇ ಇಲ್ಲ ಎನ್ನುವಂತಿಲ್ಲ. ಮಧ್ಯ ಅಮೆರಿಕದ ಬೆಲೀಜಿನಿಂದ ಬಂದ ಒಂದು ಸಿಡಿಯಲ್ಲಿ ಶಿಲೀಂಧ್ರ ಅಂಚಿನಿಂದ ಒಳಗೆ ಕೊರೆದು ಲೋಹದ ಪದರವನ್ನು ತಿಂದದ್ದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದ್ದಾರೆ. ಅದೂ ನಮ್ಮಂಥದ್ದೇ ಸೆಕೆ ಮತ್ತು ಮಳೆಯ ನಾಡು.

ಮಾಡಬೇಕಾದದ್ದು ಇಷ್ಟು. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ, ಗಾಳಿ ನುಗ್ಗದ ಪ್ಲಾಸ್ಟಿಕ್ ಡಬ್ಬಿ ಕೊಳ್ಳಿ. 25 ಲೀಟರಿನ ಡಬ್ಬಿಗೆ ಕಾಲು ಕೆಜಿ ಸಿಲಿಕಾ ಜೆಲ್, ಬಟ್ಟೆಯ ಚೀಲದಲ್ಲಿ ಕಟ್ಟಿ ಒಂದು ಮೂಲೆಗೆ. ತೇವ ಹೀರಿದಾಗ ಬಣ್ಣ ಬದಲಾಗುವ ಕಿತ್ತಳೆ ಬಣ್ಣದ್ದು ಆಗಲಿ, ನೀಲಿಯದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಿರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಬಣ್ಣ ಬದಲಾದಾಗ ಜೆಲ್ಲನ್ನು ತಟ್ಟೆಯಲ್ಲಿ ಹರಡಿ ಓವನಿನಲ್ಲಿ 110 - 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ, ಮುಚ್ಚಿಟ್ಟು ತಣಿಸಿ ಮತ್ತೆ ಬಳಸಿ. ಒಳಗೆ ಚಿಕ್ಕ ತೇವಮಾಪಕ ಇಟ್ಟರೆ ಅಂದಾಜಿನ ಕೆಲಸವಿಲ್ಲ, ಮುಳ್ಳು 45ರಿಂದ 55ರ ನಡುವೆ ನಿಲ್ಲಲಿ. ಡಬ್ಬಿಯನ್ನು ತುಂಬಬೇಕಾದದ್ದು ಒಣ ದಿನದಲ್ಲಿ, ಏಪ್ರಿಲ್‌ನಲ್ಲಾದರೆ ಒಳ್ಳೆಯದು. ಭಾವ ತರುವುದು ಓಣಂಗೆ, ಅಂದರೆ ಮಳೆ ಇನ್ನೂ ಇರುವಾಗಲೇ. ಆಗ ತಾಜಾ ಕಾಯಿಸಿದ ಜೆಲ್ ಹಾಕಿ, ಮೊದಲ ವಾರ ಎರಡು ಸಲ ಬದಲಾಯಿಸಿ, ರಟ್ಟು ಹೀರಿಕೊಂಡ ತೇವ ಹೊರಬರಲು ಅಷ್ಟು ಬೇಕು.

ನುಸಿಗುಳಿಗೆ ಹಾಕಬೇಡಿ. ಅದರ ಆವಿ ಸಿಡಿ ಡಬ್ಬಿಯ ಪಾಲಿಸ್ಟೈರೀನನ್ನು ಮೆತ್ತಗೆ ಮಾಡುತ್ತದೆ. ಅಡಿಕೆ, ಬುಟ್ಟಿ ಒಣಗಿಸುವ ಅಟ್ಟ ಬೆಚ್ಚಗಿದೆ ಎಂದು ಅಲ್ಲಿಡುವುದೂ ಬೇಡ, ಹೊಗೆಯ ಜಿಡ್ಡು ಡಿಸ್ಕಿನ ಮೇಲೆ ಪದರವಾಗಿ ಕೂರುತ್ತದೆ. ಮಳೆ ಬಡಿಯುವ ಗೋಡೆಗೆ ಕಪಾಟು ತಾಗಿಸಬೇಡಿ, ನಾಲ್ಕು ಬೆರಳಗಲ ಬಿಡಿ.

ಈಗಾಗಲೇ ಬೂಸ್ಟು ಹಿಡಿದ ಡಿಸ್ಕು ಕೈಗೆ ಬಂದರೆ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಮೇಲ್ಮೈಯಲ್ಲಿ ಜೇಡರ ಬಲೆಯ ಎಳೆಯಂತೆ ಮಸುಕಾಗಿ ಕಂಡರೆ ತೊಳೆದರೆ ಹೋಗುತ್ತದೆ. ಬೆಳಕಿನ ಎದುರು ಹಿಡಿದಾಗ ಸೂಜಿಮೊನೆಯ ತೂತುಗಳಿಂದ ಬೆಳಕು ತೂರಿದರೆ ಲೋಹದ ಪದರ ಹೋಗಿದೆ, ತೊಳೆದು ಫಲವಿಲ್ಲ. ತೊಳೆಯುವುದು ಹರಿವ ನೀರಿನಲ್ಲಿ, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರಳ ತುದಿಯಲ್ಲಿ ಹಚ್ಚಿ. ಒರೆಸುವಾಗ ನಡುವಿನ ತೂತಿನಿಂದ ಅಂಚಿಗೆ ನೇರ ಗೆರೆಯಲ್ಲಿ, ಸುತ್ತು ಸುತ್ತಾಗಿ ಅಲ್ಲ. ದತ್ತಾಂಶ ಸುತ್ತಿನ ಗೆರೆಯಲ್ಲಿರುತ್ತದೆ. ಅಡ್ಡ ಗೀರು ಬಿದ್ದರೆ ಪ್ಲೇಯರ್ ಅಕ್ಕಪಕ್ಕದಿಂದ ಊಹಿಸಿ ತಿದ್ದಿಕೊಳ್ಳುತ್ತದೆ, ಗೆರೆಯ ಉದ್ದಕ್ಕೆ ಗೀರು ಬಿದ್ದರೆ ತಿದ್ದಲಾರದು. ನೆರಳಿನಲ್ಲಿ ಒಣಗಿಸಿ. ತಿನ್ನರ್, ಪೆಟ್ರೋಲ್, ಉಗುರಿನ ಬಣ್ಣ ತೆಗೆಯುವ ದ್ರವ ಮುಟ್ಟಿಸಲೇಬಾರದು.

ಮೂರು ಬಗೆಯ ಡಿಸ್ಕಿನ ಮರ್ಮಸ್ಥಾನ ಮೂರು ಕಡೆ. ಸಿಡಿಯಲ್ಲಿ ಲೋಹದ ಪದರ ಇರುವುದು ಹೆಸರು ಅಚ್ಚಾದ ಬದಿಯ ತೆಳ್ಳಗಿನ ಲೇಪದಡಿ, ಎಲ್ಲರೂ ಹೊಳೆಯುವ ಬದಿಯನ್ನು ಕಾಪಾಡಿ ಹೆಸರಿನ ಬದಿಯನ್ನು ಮೇಜಿನ ಮೇಲೆ ಉಜ್ಜುತ್ತಾರೆ. ಡಿವಿಡಿಯಲ್ಲಿ 0.6 ಮಿಲಿಮೀಟರಿನ ಎರಡು ಬಿಲ್ಲೆಗಳ ನಡುವೆ, ಆದ್ದರಿಂದ ಬಗ್ಗಿಸಿ ತೆಗೆದರೆ ಅಂಟು ಬಿಡುತ್ತದೆ. ಬ್ಲೂ-ರೇಯಲ್ಲಿ ಹೊಳೆಯುವ ಮೇಲ್ಮೈಯಿಂದ ಬರೇ 0.1 ಮಿಲಿಮೀಟರ್ ಒಳಗೆ. ಗಟ್ಟಿ ಲೇಪ ಇದೆ ನಿಜ, ಆದರೆ ಬೆರಳಚ್ಚಿನ ಜಿಡ್ಡಿಗೇ ತಡವರಿಸುವುದೂ ಅದೇ. ಪೆಟ್ಟಿಗೆ ಸೆಟ್ಟಿನಲ್ಲಿ ಡಿಸ್ಕನ್ನು ಬಿಗಿಯಾದ ರಟ್ಟಿನ ಲಕೋಟೆಯಲ್ಲಿ ತುರುಕಿದ್ದರೆ ಮೆತ್ತನೆಯ ಒಳಲಕೋಟೆಗೆ ಹಾಕಿ ಬೇರೆಯೇ ಇಡಿ, ರಟ್ಟನ್ನು ಖಾಲಿ ಬಿಡಿ.

1995ರ ಪಲ್ಸ್ ಸಿಡಿಯ ಮೊದಲ ಮುದ್ರಣಗಳ ಬೆನ್ನಿನಲ್ಲಿ ಮಿಣುಕುವ ಕೆಂಪು ದೀಪವಿತ್ತು. 2022ರ ಪೊಟ್ಟಣದಲ್ಲೂ ದೀಪ ಮತ್ತೆ ಬಂದಿದೆ. ಎರಡೂ ಉರಿಯುವುದು ಸೆಲ್ಲಿನಿಂದ. ಅಂಗಡಿಯಲ್ಲಿ ನೋಡಲು ಚಂದ, ನಮ್ಮ ಹವೆಯಲ್ಲಿ ಅದೇ ಮೊದಲ ಶತ್ರು. ಸೆಲ್ ಒಳಗೇ ಸತ್ತು ಸೋರಿದರೆ ಸ್ಪ್ರಿಂಗಿಗೆ ಬಿಳಿ ಹಸಿರು ಹರಳು ಕಟ್ಟಿ ಪಕ್ಕದ ರಟ್ಟಿಗೂ ಇಳಿಯುತ್ತದೆ. ಬಂದ ದಿನ ಒಮ್ಮೆ ಹೊತ್ತಿಸಿ ನೋಡಿ ಸೆಲ್ ತೆಗೆದಿಡಿ, ನೆಂಟರು ಬಂದಾಗ ಹಾಕಿದರಾಯಿತು. ಸೋರಿದ್ದರೆ ಕಿವಿ ಹತ್ತಿಕಡ್ಡಿಗೆ ಒಂದು ಹನಿ ವಿನೆಗರ್ ತೊಟ್ಟು ಹರಳು ಕರಗಿಸಿ, ಒದ್ದೆ ಬಟ್ಟೆಯಲ್ಲೊಮ್ಮೆ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ. ಹಳೆಯ 1995ರ ಪ್ರತಿಯನ್ನು ಬಳಸಿದ ಸರಕಾಗಿ ಯಾರಾದರೂ ಮಾರಿದರೆ ದೀಪ ಮಿಣುಕುವುದನ್ನಲ್ಲ, ಸೆಲ್ಲಿನ ಗೂಡನ್ನು ತೆರೆದು ನೋಡಿ ದುಡ್ಡು ಕೊಡಿ.

ನಕಲಿಯ ಬಗ್ಗೆ ಎರಡು ಮಾತು. ಅಸಲಿ ಒತ್ತಿದ ಡಿಸ್ಕಿನ ತಳ ಬೆಳ್ಳಿ ಅಥವಾ ತೆಳು ಚಿನ್ನದ ಬಣ್ಣ, ಒಳಸುತ್ತಿನ ಪಾರದರ್ಶಕ ಜಾಗದ ಹತ್ತಿರ ಸಣ್ಣ ಅಕ್ಷರದಲ್ಲಿ ಸಂಖ್ಯೆ, ಹೆಚ್ಚಾಗಿ 'ಐಎಫ್‌ಪಿಐ' (ಧ್ವನಿಮುದ್ರಣ ಉದ್ಯಮದ ಅಂತಾರಾಷ್ಟ್ರೀಯ ಸಂಘ) ಎಂಬ ಅಕ್ಷರ ಕೆತ್ತಿರುತ್ತದೆ. ಸಿಡಿ, ಡಿವಿಡಿಯ ತಳ ನೇರಳೆ ಅಥವಾ ಹಸಿರು ನೀಲಿ ಛಾಯೆಯಲ್ಲಿದ್ದರೆ ಅದು ಕಂಪ್ಯೂಟರಿನಲ್ಲಿ ಸುಟ್ಟ ಪ್ರತಿ. ಪುಸ್ತಕದ ಸಣ್ಣ ಅಕ್ಷರಗಳ ಅಂಚು ಕಲೆಸಿದ್ದರೂ ಅನುಮಾನಿಸಿ.

ಭಾವ ಮಂಗಳೂರಿಗೆ ಇಳಿಯಲಿ, ಕಣ್ಣೂರಿಗೆ ಇಳಿಯಲಿ, ಡಿಸ್ಕನ್ನು ಕೈಚೀಲದಲ್ಲೇ ತರಲಿ. ಲಗೇಜಿಗೆ ಹಾಕಿದರೆ ಪೆಟ್ಟಿಗೆಯ ಮೂಲೆ ಜಜ್ಜುತ್ತದೆ. ಅಂಗಡಿಯ ಬಿಲ್ಲು ಜೊತೆಗಿರಲಿ, ಕಸ್ಟಮ್ಸಿನವರು ಕೇಳಿದರೆ ತೋರಿಸಲಿಕ್ಕೂ ಬೇಕು, ಕೆಟ್ಟಿದ್ದರೆ ಬದಲಾಯಿಸಲಿಕ್ಕೂ ಬೇಕು. ಅವರು ಮರಳಿ ಹೋಗುವ ಮೊದಲೇ ಪ್ರತಿ ಡಿಸ್ಕನ್ನೂ ಪರೀಕ್ಷಿಸಿ. ಮೊದಲ ಹಾಡು ಹಾಕಿ ಸರಿಯಿದೆ ಎಂದು ಬಿಟ್ಟರೆ ಪರೀಕ್ಷೆ ಆಗಲಿಲ್ಲ. ಡಿಸ್ಕು ಓದಲು ಶುರುಮಾಡುವುದು ಒಳಗಿನಿಂದ, ತೊಂದರೆ ಹೆಚ್ಚು ಕಾಣುವುದು ಹೊರ ಅಂಚಿನಲ್ಲಿ. ಸಿಡಿಯಲ್ಲಿ ಆ ಅಂಚು ಬರುವುದು ಕೊನೆಗೆ, ಎರಡು ಪದರದ ಡಿವಿಡಿ, ಬ್ಲೂ-ರೇಯಲ್ಲಿ ನಡುಭಾಗದ ಹತ್ತಿರ. ಅದಕ್ಕೆ ಮೊದಲಿನಿಂದ ಕೊನೆಯ ಹಾಡಿನ ತನಕ, ಪಲ್ಸ್‌ನಲ್ಲಾದರೆ 'ರನ್ ಲೈಕ್ ಹೆಲ್' ಮುಗಿಯುವ ತನಕ, ಪೂರ್ತಿ ಓಡಿಸಿ. ಡಿವಿಡಿಯಲ್ಲಿ ನಡುವೆ ಎಲ್ಲಾದರೂ ಒಂದು ಕಡೆ ಅರೆ ಸೆಕೆಂಡ್ ತಡೆದು ಮುಂದೆ ಹೋದರೆ ಗಾಬರಿ ಬೇಡ, ಅದು ಎರಡನೆಯ ಪದರಕ್ಕೆ ಲೇಸರ್ ದಾಟುವ ಜಾಗ. ಪ್ರತಿ ಸಲ ಅದೇ ಜಾಗದಲ್ಲಿ ಒಂದೇ ಸಲ ತಡೆದರೆ ಡಿಸ್ಕು ಸರಿ ಇದೆ. ಬೇರೆ ಬೇರೆ ಕಡೆ ತಡೆದರೆ, ಚೌಕ ಒಡೆದರೆ, ಬಿಲ್ಲಿನ ಜೊತೆ ಭಾವನ ಕೈಯಲ್ಲೇ ವಾಪಸ್ ಕಳಿಸಿ.